ನಮ್ಮ ಸಂಘಗಳಲ್ಲಿ ಪದಾಧಿಕಾರಿ ಎಂದರೆ ಯಾರು?

ಹಬ್ಬದ ದಿನಗಳು ಸಮೀಪಿಸಿದವೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಂಘಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳು ಒಂದರ ಹಿಂದೊಂದು ಬರತೊಡಗುತ್ತವೆ. ನಾಟಕ ಸಂಘ, ಗಾಯನ ಮಂಡಳಿ, ಬ್ಯಾಂಡ್ ತಂಡ, ಕ್ರಿಕೆಟ್ ಬಳಗ, ಅಲ್ಲಲ್ಲಿ ಅಂಚೆಚೀಟಿ ಸಂಗ್ರಾಹಕರದೋ ಛಾಯಾಗ್ರಾಹಕರದೋ ಒಂದು ಪುಟ್ಟ ಕೂಟ. ಎಲ್ಲವೂ ಬಿಡುವಿನ ವೇಳೆಯ ಹವ್ಯಾಸಕ್ಕಾಗಿ, ಸ್ವಂತ ಖುಷಿಗಾಗಿ ಹುಟ್ಟಿದವು. ಪತ್ರಿಕೆಯ ಹಿಂಬದಿಯಲ್ಲಿ ಮಾತ್ರ ಹೆಸರುಗಳ ಒಂದು ದೊಡ್ಡ ಮೆರವಣಿಗೆ: ಮಹಾಪೋಷಕರು, ಪೋಷಕರು, ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು ಮೂವರು, ಪ್ರಧಾನ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ, ಕೋಶಾಧಿಕಾರಿ, ಸಲಹೆಗಾರರು. ಎಲ್ಲರೂ ಪಲ್ಲಕ್ಕಿಯಲ್ಲಿ ಕುಳಿತರೆ ಹೊರುವವರು ಯಾರು ಎಂದು ಹಿರಿಯರು ಕೇಳುತ್ತಿದ್ದರು. ಈ ವಾರ ನಮ್ಮ ಪ್ರಶ್ನೆ ಅದಕ್ಕಿಂತ ಸ್ವಲ್ಪ ಬೇರೆ. ಇಷ್ಟು ಹೆಸರುಗಳಲ್ಲಿ ಕಾನೂನಿನ ಕಣ್ಣಿಗೆ ಪದಾಧಿಕಾರಿ ಎನಿಸಿಕೊಳ್ಳುವವರು ಯಾರು?

ಇದು ಬರಿಯ ಪಾಂಡಿತ್ಯದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ನಾಟಕ ಮುಗಿದು, ಪರದೆ ಇಳಿದು, ಜನರೆಲ್ಲ ಮನೆ ಸೇರಿದ ಮೇಲೆ ಶಾಮಿಯಾನದವನ ಬಾಕಿ ಉಳಿಯುತ್ತದೆ, ಧ್ವನಿವರ್ಧಕದವನ ಬಾಕಿ ಉಳಿಯುತ್ತದೆ. ಟಿಕೆಟಿನಿಂದ ಬಂದ ಹಣ ಎಣಿಸಿಕೊಂಡಿದ್ದಕ್ಕಿಂತ ಕಡಿಮೆಯಾಗಿರುತ್ತದೆ. ಆಗ ಹಣ ಬರಬೇಕಾದವನು ಯಾರ ಬಾಗಿಲು ತಟ್ಟಬೇಕು? ತನ್ನೊಡನೆ ಫೋನಿನಲ್ಲಿ ಮಾತನಾಡಿ ದರ ಕುದುರಿಸಿದವನ ಬಾಗಿಲನ್ನೇ ಅವನು ತಟ್ಟುತ್ತಾನೆ. ಆ ವ್ಯಕ್ತಿ ಹೆಚ್ಚಾಗಿ, ಉಳಿದವರೆಲ್ಲ ಹಿಂದೆ ಸರಿದಾಗ ಮುಂದೆ ಬಂದು ಓಡಾಡಿದ, ಸಣ್ಣ ನೌಕರಿಯ ಒಬ್ಬ ಯುವಕ. ಪತ್ರಿಕೆಯ ಮೊದಲ ಸಾಲಿನಲ್ಲಿ ಮೆರೆದವರು ಆ ಹೊತ್ತಿಗೆ 'ನಾವು ಹೆಸರಿಗೆ ಮಾತ್ರ' ಎನ್ನುತ್ತಾರೆ. ಸ್ವಯಂಸೇವೆಯಿಂದ ನಡೆಯುವ ಸಂಘಗಳು ಒಡೆಯುವುದು ಧ್ಯೇಯಧೋರಣೆಯ ಭಿನ್ನಾಭಿಪ್ರಾಯಗಳಿಂದಲ್ಲ, ಬಹುಮಟ್ಟಿಗೆ ಇಂಥ ಒಂದು ಬಾಕಿಯಿಂದ.

ಮೊದಲು ಪದಗಳನ್ನೇ ನೋಡೋಣ. 'ಗೌರವಾಧ್ಯಕ್ಷ' ಮತ್ತು 'ಗೌರವ ಕಾರ್ಯದರ್ಶಿ' ಎಂಬ ಎರಡು ಮಾತುಗಳಲ್ಲಿಯೂ ಗೌರವವಿದೆ. ಆದರೆ ಅರ್ಥ ಒಂದೇ ಅಲ್ಲ. ಗೌರವಾಧ್ಯಕ್ಷರು ಸಾಮಾನ್ಯವಾಗಿ ಸಂಘಕ್ಕೆ ಶೋಭೆ ತರುವ ಹಿರಿಯರು. ನಿಯಮಾವಳಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಅವರ ಕೈಯಲ್ಲಿ ಮತವೂ ಇಲ್ಲ, ಸಹಿಯೂ ಇಲ್ಲ. ಗೌರವ ಕಾರ್ಯದರ್ಶಿಯಾದರೋ ಸಂಬಳವಿಲ್ಲದೆ ದುಡಿಯುವ ಪೂರ್ಣ ಪ್ರಮಾಣದ ಕಾರ್ಯದರ್ಶಿ. ಪತ್ರವ್ಯವಹಾರಕ್ಕೂ ದಾಖಲೆಗೂ ಅವರೇ ಉತ್ತರ ಕೊಡಬೇಕಾದವರು. ಒಂದೇ ವಿಶೇಷಣವು ಒಂದೆಡೆ ಹೊಣೆಯನ್ನು ಕಳಚುತ್ತದೆ, ಇನ್ನೊಂದೆಡೆ ಸಂಬಳವನ್ನು ಮಾತ್ರ ಕಳಚುತ್ತದೆ. 'ನನಗೇನು ಸಂಬಳ ಬರುತ್ತದೆಯೇ?' ಎಂದು ಕೇಳುವ ಕೋಶಾಧಿಕಾರಿಗಳು ಈ ವ್ಯತ್ಯಾಸವನ್ನು ಮರೆತಿರುತ್ತಾರೆ. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಸಂಬಳವು ಪದವಿಯ ಸಾರವಲ್ಲ. ಇದ್ದರೂ ಇಲ್ಲದಿದ್ದರೂ ಪದವಿಯನ್ನು ಬದಲಿಸದ ಆಗಂತುಕ ಗುಣ ಮಾತ್ರ. 'ಅಧಿಕಾರಿ' ಎಂಬ ಮಾತಿಗೂ ನಮ್ಮ ನಾಡಿನ ಶಾಸ್ತ್ರಗ್ರಂಥಗಳಲ್ಲಿ ಒಂದು ಹಳೆಯ ಅರ್ಥವಿದೆ: ಒಂದು ಕಾರ್ಯಕ್ಕೆ ಅರ್ಹನಾದವನು, ಅದಕ್ಕೆ ಹಕ್ಕುಳ್ಳವನು. ಕಚೇರಿಯ ಮೇಜಿನ ಹಿಂದೆ ಕುಳಿತವನು ಎಂಬ ಅರ್ಥ ಬಂದದ್ದು ಬಹಳ ತಡವಾಗಿ. ಹಳೆಯ ಅರ್ಥವೇ ನಮ್ಮ ಪ್ರಶ್ನೆಗೆ ಹೆಚ್ಚು ಉಪಯುಕ್ತ.

ಈಗ ಶಾಸನಕ್ಕೆ ಬರೋಣ. ಭಾರತದಲ್ಲಿ ಸಂಘಗಳ ನೋಂದಣಿಗೆ ಅಡಿಪಾಯ ಹಾಕಿದ್ದು 1860ರ ಕಾಯ್ದೆ. ನಮ್ಮ ರಾಜ್ಯದಲ್ಲಿ ಈಗ ಜಾರಿಯಲ್ಲಿರುವುದು ಅದೇ ಮಾದರಿಯಲ್ಲಿ ರಚಿತವಾದ 1960ರ ಸಂಘಗಳ ನೋಂದಣಿ ಕಾಯ್ದೆ. ಅದು ಮೈಸೂರು ರಾಜ್ಯದ ಕಾಯ್ದೆಯಾಗಿ ಹುಟ್ಟಿ, 1973ರಲ್ಲಿ ರಾಜ್ಯದ ಹೆಸರು ಬದಲಾದ ಬಳಿಕ ಕರ್ನಾಟಕದ ಹೆಸರನ್ನು ಪಡೆಯಿತು. ಏಳು ಮಂದಿ ಅಥವಾ ಹೆಚ್ಚು ಜನ ಸೇರಿ ಜ್ಞಾಪನಪತ್ರಕ್ಕೆ ಸಹಿ ಹಾಕಿ, ನಿಯಮಾವಳಿಯೊಂದಿಗೆ ಸಲ್ಲಿಸಿದರೆ ಸಂಘ ನೋಂದಣಿಯಾಗುತ್ತದೆ. ಕುತೂಹಲದ ಸಂಗತಿಯೆಂದರೆ 1860ರ ಕಾಯ್ದೆಯು 'ಪದಾಧಿಕಾರಿ' ಎಂಬ ಮಾತಿಗೆ ವ್ಯಾಖ್ಯೆಯನ್ನೇ ಕೊಡುವುದಿಲ್ಲ. ಅದು ವ್ಯಾಖ್ಯಾನಿಸುವುದು ಆಡಳಿತ ಮಂಡಳಿಯನ್ನು. ಅಲ್ಲಿಯೂ ಹೆಸರುಗಳ ಬಗ್ಗೆ ಅದಕ್ಕೆ ಆಸಕ್ತಿಯಿಲ್ಲ. ಕೌನ್ಸಿಲ್ ಎನ್ನಿ, ನಿರ್ದೇಶಕರೆನ್ನಿ, ಸಮಿತಿಯೆನ್ನಿ, ವಿಶ್ವಸ್ತರೆನ್ನಿ, ಸಂಘದ ನಿಯಮಗಳ ಪ್ರಕಾರ ಅದರ ವ್ಯವಹಾರಗಳ ನಿರ್ವಹಣೆಯು ಯಾರಿಗೆ ಒಪ್ಪಿಸಲ್ಪಟ್ಟಿದೆಯೋ ಅವರೇ ಆಡಳಿತ ಮಂಡಳಿ. 'ನಿಯಮಗಳ ಪ್ರಕಾರ' ಮತ್ತು 'ಒಪ್ಪಿಸಲ್ಪಟ್ಟಿದೆ' ಎಂಬ ಎರಡು ಮಾತುಗಳನ್ನು ವಾಚಕರು ಗಮನಿಸಬೇಕು. ಪದವಿಯ ಮೂಲ ಆಮಂತ್ರಣ ಪತ್ರಿಕೆಯಲ್ಲಿಲ್ಲ, ವೇದಿಕೆಯ ಕುರ್ಚಿಯಲ್ಲಿಲ್ಲ. ಸದಸ್ಯರೇ ಒಪ್ಪಿಕೊಂಡ ನಿಯಮದಲ್ಲಿದೆ. ಆ ನಿಯಮಕ್ಕನುಸಾರ ನಡೆದ ಆಯ್ಕೆಯಲ್ಲಿದೆ.

ಆದುದರಿಂದ ಬ್ಯಾಂಡ್ ಮಾಸ್ತರರು ತಂಡದ ಜೀವವೇ ಆಗಿದ್ದರೂ, ನಾಟಕದ ನಿರ್ದೇಶಕರಿಲ್ಲದೆ ಪರದೆ ಏಳದಿದ್ದರೂ, ನಿಯಮಾವಳಿ ಹೇಳದ ಹೊರತು ಅವರು ಪದಾಧಿಕಾರಿಗಳಲ್ಲ. ಕಲೆಯ ಯಜಮಾನಿಕೆ ಬೇರೆ, ಸಂಘದ ನಿರ್ವಹಣೆ ಬೇರೆ. ಇನ್ನೊಂದು ಕಡೆ, ವರ್ಷಕ್ಕೊಮ್ಮೆ ಮಾತ್ರ ಮುಖ ತೋರಿಸುವ ಉಪಾಧ್ಯಕ್ಷರು ಮಹಾಸಭೆಯಲ್ಲಿ ಕ್ರಮಬದ್ಧವಾಗಿ ಆಯ್ಕೆಯಾಗಿದ್ದರೆ ಅವರು ಪೂರ್ಣ ಅರ್ಥದಲ್ಲಿ ಪದಾಧಿಕಾರಿಗಳೇ. ಸಭೆಗೆ ಬಾರದಿರುವುದು ಅವರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

ಪ್ರತಿ ವರ್ಷ ಮಹಾಸಭೆಯ ಬಳಿಕ ಹದಿನಾಲ್ಕು ದಿನಗಳೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ವೃತ್ತಿಗಳ ಪಟ್ಟಿಯನ್ನು, ಪರಿಶೋಧಿತ ಲೆಕ್ಕಪತ್ರಗಳೊಂದಿಗೆ, ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ನಮ್ಮ ರಾಜ್ಯದ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಈ ಪಟ್ಟಿಯ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ: ಪಟ್ಟಿಯಲ್ಲಿ ಹೆಸರು ಸೇರಿದರೆ ಪದವಿ ಸಿದ್ಧಿಸಿತು ಎಂದು. ಪಟ್ಟಿ ಯಾರನ್ನೂ ಪದಾಧಿಕಾರಿಯನ್ನಾಗಿ ಮಾಡುವುದಿಲ್ಲ; ಆಗಲೇ ಆದವರು ಯಾರೆಂದು ತಿಳಿಸುತ್ತದೆ, ಅಷ್ಟೆ. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಹೆಸರು ಬರೆದದ್ದರಿಂದ ಮಗು ಕ್ರೈಸ್ತನಾಗುವುದಿಲ್ಲ, ದೀಕ್ಷಾಸ್ನಾನದಿಂದ ಆಗುತ್ತದೆ. ಪುಸ್ತಕ ಅದಕ್ಕೆ ಸಾಕ್ಷಿ. ಇಲ್ಲಿಯೂ ಹಾಗೆಯೇ. ಸಂಘ ಎರಡು ಬಣವಾಗಿ ಇಬ್ಬರು ಕಾರ್ಯದರ್ಶಿಗಳು ಎರಡು ಪಟ್ಟಿಗಳನ್ನು ಸಲ್ಲಿಸಿದಾಗ ಯಾವ ಚುನಾವಣೆ ನಿಜವಾದದ್ದೆಂಬ ವ್ಯಾಜ್ಯ ಕೊನೆಗೆ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಅಲ್ಲಿ ಮೊದಲು ಕೇಳುವುದು ನಡಾವಳಿ ಪುಸ್ತಕವನ್ನು. ಸಭೆಯ ನೋಟಿಸು ಎಲ್ಲರಿಗೂ ಹೋಗಿತ್ತೇ, ಕೋರಂ ಇತ್ತೇ, ಮತ ಹಾಕಿದವರು ವಂತಿಗೆ ಸಲ್ಲಿಸಿದ ಸದಸ್ಯರೇ ಎಂಬುದನ್ನು. ಹಾಗೆಂದು ಪಟ್ಟಿ ಸಲ್ಲಿಸುವುದನ್ನೇ ಕೈಬಿಟ್ಟು ವರ್ಷಾನುವರ್ಷ ಸುಮ್ಮನಿರುವುದೂ ಸಲ್ಲದು. ಚುನಾವಣೆ ನಡೆಸದೆ ಅವಧಿ ಮೀರಿದ ಸಂಘಕ್ಕೆ ಆಡಳಿತಾಧಿಕಾರಿಯನ್ನು ನೇಮಿಸುವ ಅವಕಾಶ ಸರ್ಕಾರಕ್ಕೆ ನಮ್ಮ ಕಾಯ್ದೆಯಲ್ಲಿದೆ.

ಸಂಘದ ಮೇಲೆ ದಾವೆ ಹೂಡುವುದಾದರೆ ಯಾರ ಹೆಸರಿನಲ್ಲಿ? 1860ರ ಕಾಯ್ದೆ ಅದಕ್ಕೂ ಉತ್ತರ ಕೊಟ್ಟಿದೆ: ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ ಅಥವಾ ವಿಶ್ವಸ್ತರು, ನಿಯಮಾವಳಿ ಯಾರನ್ನು ಹೇಳಿದೆಯೋ ಅವರ ಹೆಸರಿನಲ್ಲಿ. ನಿಯಮಾವಳಿ ಮೌನವಾಗಿದ್ದರೆ ಆ ಸಂದರ್ಭಕ್ಕೆ ಆಡಳಿತ ಮಂಡಳಿ ನೇಮಿಸಿದವರ ಹೆಸರಿನಲ್ಲಿ. ಆದರೆ ಹೀಗೆ ಬಂದ ತೀರ್ಪನ್ನು ಆ ಪದಾಧಿಕಾರಿಯ ಸ್ವಂತ ಮನೆ-ಆಸ್ತಿಯ ಮೇಲೆ ಜಾರಿಗೊಳಿಸುವಂತಿಲ್ಲ, ಸಂಘದ ಆಸ್ತಿಯ ಮೇಲೆ ಮಾತ್ರ ಎಂದು ಅದೇ ಕಾಯ್ದೆಯ 8ನೇ ಕಲಂ ಸ್ಪಷ್ಟಪಡಿಸಿದೆ. ಸಂಘದ ಹೆಸರನ್ನು ತಾನು ಹೊರುತ್ತಾನೆ, ಸಾಲವನ್ನಲ್ಲ. ಸೇವಾಭಾವದಿಂದ ಬಂದವನಿಗೆ ಶಾಸನ ನೀಡಿದ ರಕ್ಷಣೆ ಇದು.

ಈ ರಕ್ಷಣೆ ನೋಂದಣಿಯಾದ ಸಂಘಗಳಿಗೆ. ನಮ್ಮ ಹವ್ಯಾಸಿ ಕೂಟಗಳಲ್ಲಿ ಎಷ್ಟೋ ನೋಂದಣಿಯಾಗಿಲ್ಲ. ಅವಕ್ಕೊಂದು ರಬ್ಬರ್ ಸ್ಟ್ಯಾಂಪು ಇದೆ, ಒಂದು ಬ್ಯಾನರ್ ಇದೆ, ಕಾನೂನಿನ ಕಣ್ಣಿಗೆ ಮಾತ್ರ ಅಸ್ತಿತ್ವವಿಲ್ಲ. 1872ರ ಕರಾರು ಕಾಯ್ದೆಯ 230ನೇ ಕಲಂ ಇಂಥವರು ಅವಶ್ಯವಾಗಿ ತಿಳಿದಿರಬೇಕಾದದ್ದು. ಇನ್ನೊಬ್ಬರ ಪರವಾಗಿ ಕರಾರು ಮಾಡಿದ ಪ್ರತಿನಿಧಿ ಸಾಮಾನ್ಯವಾಗಿ ಸ್ವಂತಕ್ಕೆ ಹೊಣೆಯಾಗುವುದಿಲ್ಲ. ಆದರೆ ಯಾರ ಪರವಾಗಿ ಮಾಡಿದನೋ ಅವರ ಮೇಲೆ ದಾವೆ ಹೂಡಲು ಸಾಧ್ಯವೇ ಇಲ್ಲದಿದ್ದರೆ, ಪ್ರತಿನಿಧಿಯೇ ಹೊಣೆಯೆಂದು ಕಾನೂನು ಭಾವಿಸುತ್ತದೆ. ನೋಂದಣಿಯಿಲ್ಲದ ಬಳಗದ ಪರವಾಗಿ ಶಾಮಿಯಾನಕ್ಕೆ ಸಹಿ ಹಾಕಿದ ಯುವಕನ ಸ್ಥಿತಿ ಬಹುತೇಕ ಇದೇ. ಅವನಿಗೆ ಪತ್ರಿಕೆಯಲ್ಲಿ ಯಾವ ಪದವಿಯೂ ಇಲ್ಲದಿರಬಹುದು. ಸಾಲ ಕೊಟ್ಟವನಿಗೆ ಅದು ಬೇಕಾಗಿಯೂ ಇಲ್ಲ. ಧರ್ಮಸಭೆಯ ಸಂಹಿತೆಯೂ ಇದೇ ವಿವೇಕವನ್ನು ತೋರಿಸುತ್ತದೆ. ನೈಯಾಯಿಕ ವ್ಯಕ್ತಿತ್ವ ಪಡೆಯದ ಖಾಸಗಿ ಸಂಘವು ತಾನಾಗಿ ಹಕ್ಕು-ಬಾಧ್ಯತೆಗಳನ್ನು ಹೊಂದಲಾರದು. ಅದರಲ್ಲಿ ಕೂಡಿದ ಭಕ್ತರೇ ಜಂಟಿಯಾಗಿ ಹೊಂದುತ್ತಾರೆ ಎಂಬುದು 1983ರ ಸಂಹಿತೆಯ 310ನೇ ನಿಯಮದ ತಾತ್ಪರ್ಯ.

ಪದವಿ ಮುಗಿದವರ ವಿಷಯ ಇನ್ನೂ ಸೂಕ್ಷ್ಮ. ಕಾರ್ಯದರ್ಶಿಯೊಬ್ಬರು ಬೇಸತ್ತು ರಾಜೀನಾಮೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಸಂಘ ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ, ಹೊಸಬರನ್ನು ಆರಿಸಲಿಲ್ಲ, ಹೊರಗಿನ ಯಾರಿಗೂ ತಿಳಿಸಲಿಲ್ಲ. ವರ್ಷಗಳಿಂದ ಇವರ ಮಾತಿನ ಮೇಲೆ ಸಾಮಾನು ಕೊಟ್ಟ ಅಂಗಡಿಯವನು ಮತ್ತೆ ಕೊಡುತ್ತಾನೆ. ಪ್ರತಿನಿಧಿಯ ಅಧಿಕಾರ ಕೊನೆಗೊಂಡರೂ ಹೊರಗಿನವರಿಗೆ ತಿಳಿಯುವವರೆಗೆ ಅವರ ಮಟ್ಟಿಗೆ ಅದು ಕೊನೆಗೊಂಡಂತಲ್ಲ ಎಂಬುದು ಕರಾರು ಕಾಯ್ದೆಯ 208ನೇ ಕಲಂ. ಅಧಿಕಾರವಿದೆಯೆಂದು ಹೊರಗಿನವರು ನಂಬುವಂತೆ ಸಂಘವೇ ನಡೆದುಕೊಂಡಿದ್ದರೆ ಸಂಘವೇ ಬಾಧ್ಯಸ್ಥ ಎಂಬುದು 237ನೇ ಕಲಂ. ಇತ್ತ, ಇಲ್ಲದ ಅಧಿಕಾರವನ್ನು ಇದೆಯೆಂದು ಹೇಳಿಕೊಂಡು ವ್ಯವಹರಿಸಿದವನು ನಷ್ಟ ತುಂಬಿಕೊಡಬೇಕಾಗುತ್ತದೆ ಎಂಬುದು 235ನೇ ಕಲಂ. ಹಾಗಾಗಿ 'ಆತ ಈಗ ನಮ್ಮ ಕಾರ್ಯದರ್ಶಿಯಲ್ಲ' ಎಂದು ಸಂಘವೂ, 'ನಾನು ಬಿಟ್ಟು ಎಷ್ಟೋ ಕಾಲವಾಯಿತು' ಎಂದು ಆತನೂ ಏಕಕಾಲದಲ್ಲಿ ಕೈತೊಳೆದುಕೊಳ್ಳುವುದು ಸುಲಭವಲ್ಲ.

ಆಯ್ಕೆಯಲ್ಲಿ ದೋಷವಿದ್ದರೂ ಪದವಿಯಲ್ಲಿ ಕುಳಿತು ಕೆಲಸ ಮಾಡಿದವನ ಕೃತ್ಯಗಳು ಏನಾಗಬೇಕು? ನ್ಯಾಯಶಾಸ್ತ್ರಕ್ಕೆ ಇದು ಹಳೆಯ ಪ್ರಶ್ನೆ. 1981ರಲ್ಲಿ ಆಂಧ್ರಪ್ರದೇಶದ ಒಂದು ಪ್ರಕರಣದಲ್ಲಿ, ನೇಮಕವೇ ರದ್ದಾದ ನ್ಯಾಯಾಧೀಶರು ಅದಕ್ಕೆ ಮುಂಚೆ ಕೊಟ್ಟ ತೀರ್ಪುಗಳು ಊರ್ಜಿತವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅವರನ್ನು ನಂಬಿದ ಜನರು ಅವರ ನೇಮಕದ ದೋಷಕ್ಕೆ ಬೆಲೆ ತೆರಬಾರದು ಎಂಬುದು ಅದರ ಹಿಂದಿನ ತತ್ತ್ವ. ಸಾಮಾನ್ಯ ಜನರು ಪ್ರಾಮಾಣಿಕವಾಗಿ ತಪ್ಪು ತಿಳಿದಿದ್ದ ಸಂದರ್ಭದಲ್ಲಿ ಅಧಿಕಾರದ ಕೊರತೆಯನ್ನು ಧರ್ಮಸಭೆಯೇ ತುಂಬಿಕೊಡುತ್ತದೆ ಎಂದು ನಮ್ಮ ಸಂಹಿತೆಯ 144ನೇ ನಿಯಮವೂ ಹೇಳುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇವೆರಡೂ ಸಾರ್ವಜನಿಕ ಅಧಿಕಾರಕ್ಕೆ, ನಂಬಿದ ಜನರ ರಕ್ಷಣೆಗೆ ಸಂಬಂಧಿಸಿದವು. ಚುನಾವಣೆಯೇ ಇಲ್ಲದೆ ಕುರ್ಚಿ ಹಿಡಿದು ಕುಳಿತವನಿಗೆ ಇವು ಆಸರೆಯಾಗುವುದಿಲ್ಲ.

ತೆರಿಗೆಯ ಕಾನೂನು ಇನ್ನೂ ನೇರವಾಗಿ ಮಾತನಾಡುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯು ಸಂಘಗಳ ವಿಷಯದಲ್ಲಿ 'ಪ್ರಧಾನ ಅಧಿಕಾರಿ' ಎಂದರೆ ಯಾರೆಂದು ವ್ಯಾಖ್ಯಾನಿಸಿತು: ಕಾರ್ಯದರ್ಶಿ, ಖಜಾಂಚಿ, ವ್ಯವಸ್ಥಾಪಕ ಅಥವಾ ಪ್ರತಿನಿಧಿ. ಅಷ್ಟಕ್ಕೇ ನಿಲ್ಲದೆ, ಆಡಳಿತದೊಂದಿಗೆ ಸಂಬಂಧವುಳ್ಳ ಯಾರಿಗೆ ತೆರಿಗೆ ಅಧಿಕಾರಿಯು ಹಾಗೆ ಪರಿಗಣಿಸುವ ಉದ್ದೇಶದ ನೋಟಿಸು ಕೊಟ್ಟರೋ ಅವರೂ ಕೂಡ ಎಂದಿತು. ಆ ಕಾಯ್ದೆಯ ಸ್ಥಾನಕ್ಕಾಗಿ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದೆಯಾದರೂ ಹಳೆಯ ವ್ಯಾಖ್ಯೆಯ ಹಿಂದಿನ ವಿಚಾರ ಗಮನಾರ್ಹವಾದದ್ದು. ಅಧ್ಯಕ್ಷರ ಹೆಸರು ಆ ಸಾಲಿನಲ್ಲಿ ಮೊದಲು ಬರುವುದೇ ಇಲ್ಲ! ಕಾಗದ ಬರೆಯುವವನು, ಹಣ ಹಿಡಿಯುವವನು, ಇವರನ್ನೇ ಅದು ಮೊದಲು ಹುಡುಕಿತು. 2013ರ ಕಂಪನಿ ಕಾಯ್ದೆ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರ ಆದೇಶದಂತೆ ನಿರ್ದೇಶಕ ಮಂಡಳಿ ನಡೆದುಕೊಳ್ಳುವುದು ರೂಢಿಯೋ ಅವರನ್ನೂ 'ಅಧಿಕಾರಿ' ಎಂಬ ವ್ಯಾಖ್ಯೆಯೊಳಗೆ ಸೇರಿಸಿದೆ. ಅದು ಕಂಪನಿಗಳಿಗೆ ಅನ್ವಯಿಸುವ ಮಾತು, ನಮ್ಮ ನಾಟಕ ಸಂಘಗಳಿಗಲ್ಲ. ಆದರೂ ಪದವಿಯೊಂದನ್ನೂ ಹೊರದೆ, ತೆರೆಮರೆಯಿಂದ ಎಲ್ಲವನ್ನೂ ನಡೆಸುವ ಹಿರಿಯ ಪೋಷಕರು ಪ್ರತಿ ಊರಿನಲ್ಲಿಯೂ ಇರುವುದರಿಂದ ಅವರೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ತೆರೆಮರೆಯ ಮಾತು ಬಂದದ್ದರಿಂದ ನಮ್ಮಂಥ ಧರ್ಮಕೇಂದ್ರದ ಗುರುಗಳ ಬಗ್ಗೆಯೂ ಹೇಳಿಬಿಡಬೇಕು. ಬಹುತೇಕ ಎಲ್ಲ ಪತ್ರಿಕೆಗಳಲ್ಲಿಯೂ ಗುರುಗಳ ಹೆಸರು ಗೌರವಾಧ್ಯಕ್ಷರೆಂದೋ ನಿರ್ದೇಶಕರೆಂದೋ ಇರುತ್ತದೆ. ಗುರುಗಳು ವರ್ಗಾವಣೆಯಾದರೆ ಬಂದವರ ಹೆಸರು ತಾನಾಗಿ ಅಲ್ಲಿಗೆ ಸೇರುತ್ತದೆ. ಬಂದವರನ್ನು ಯಾರೂ ಕೇಳುವುದಿಲ್ಲ. ಧರ್ಮಸಭೆಯ ಸಾರ್ವಜನಿಕ ಸಂಘಗಳಲ್ಲಿಯೂ, ಅವು ಗುರುಗಳ ಸಂಘಗಳಲ್ಲದಿದ್ದರೆ, ಮುಖ್ಯಸ್ಥರ ಸ್ಥಾನವನ್ನು ಶ್ರೀಸಾಮಾನ್ಯ ಭಕ್ತರು ವಹಿಸಬಹುದು. ಆತ್ಮಿಕ ನಿರ್ದೇಶಕರು, ನಿಯಮಾವಳಿ ಬೇರೆ ರೀತಿ ಹೇಳದಿದ್ದರೆ, ಆ ಸ್ಥಾನವನ್ನು ವಹಿಸತಕ್ಕದ್ದಲ್ಲ ಎಂದು 317ನೇ ನಿಯಮ ವಿಧಿಸುತ್ತದೆ. ಪ್ರಾರ್ಥನೆ, ಧರ್ಮಬೋಧನೆ, ಪರೋಪಕಾರಗಳಿಗಾಗಿ ಇರುವ ಸಂಘಗಳಲ್ಲಿಯೇ ಹೀಗಿರುವಾಗ, ಕ್ರಿಕೆಟ್ ಬಳಗದಲ್ಲಿ ಗುರುಗಳು ಪದಾಧಿಕಾರಿಯಾಗಬೇಕಾದ ಅಗತ್ಯವೇನೆಂದು ನಮಗೆ ತಿಳಿಯದು. ಗುರುಗಳ ಹೆಸರಿದ್ದರೆ ಚಂದಾ ಸುಲಭವಾಗಿ ಬರುತ್ತದೆ ಎಂಬ ಲೆಕ್ಕಾಚಾರ ನಮಗೆ ಅರ್ಥವಾಗುತ್ತದೆ. ಆದರೆ ಬಾಕಿ ಉಳಿದಾಗ ಅಂಗಡಿಯವನು ಇಗರ್ಜಿಯ ಕಚೇರಿಗೆ ಬರುತ್ತಾನೆ ಎಂಬುದೂ ಅದೇ ಲೆಕ್ಕಾಚಾರದ ಇನ್ನೊಂದು ಮುಖ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಮಹಿಳಾ ಕೋಶಾಧಿಕಾರಿಗಳ ಸ್ಥಿತಿ. ಸಮಿತಿಯಲ್ಲಿ ಮಹಿಳೆಯರೂ ಇರಬೇಕೆಂದು, ನಂಬಿಕಸ್ಥರೆಂದು, ಅವರನ್ನೇ ಕೋಶಾಧಿಕಾರಿಯಾಗಿ ಆರಿಸುತ್ತಾರೆ. ಒಳ್ಳೆಯದೇ. ಅನಂತರ ಪಾಸ್‌ಬುಕ್ ಅಧ್ಯಕ್ಷರ ಮನೆಯಲ್ಲಿ, ರಸೀದಿ ಪುಸ್ತಕ ಕಾರ್ಯದರ್ಶಿಯ ಚೀಲದಲ್ಲಿ. ಈಕೆ ಮಾಡುವುದು ಮುಂಗಡವಾಗಿ ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಕೊಡುವುದು. ವರ್ಷದ ಕೊನೆಗೆ ಲೆಕ್ಕ ಕೂಡದಿದ್ದಾಗ ಉತ್ತರ ಹೇಳಬೇಕಾದವಳು ಈಕೆಯೇ, ಏಕೆಂದರೆ ನಿಯಮಾವಳಿಯ ಪ್ರಕಾರ ಹಣ ಈಕೆಗೆ ಒಪ್ಪಿಸಲ್ಪಟ್ಟಿತ್ತು. ಅಧಿಕಾರವನ್ನು ಒಬ್ಬರು ಚಲಾಯಿಸಿ ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ಹಾಕುವ ಈ ಪದ್ಧತಿಯನ್ನು ಅನ್ಯಾಯವೆಂದಲ್ಲದೆ ಬೇರೆ ಹೆಸರಿನಿಂದ ಕರೆಯಲು ನಾವು ಸಿದ್ಧರಿಲ್ಲ. ಇಂಥ ಸಹೋದರಿಯರಿಗೆ ನಮ್ಮ ಮಾತು ಇಷ್ಟೇ: ಪುಸ್ತಕ ನಿಮ್ಮ ಕೈಗೆ ಬರಲಿ, ಇಲ್ಲವೇ ಪದವಿಯನ್ನು ಲಿಖಿತವಾಗಿ ಹಿಂದಿರುಗಿಸಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಹಣದ ಚೀಲ ಹಿಡಿದವನ ಕಥೆ ಶುಭಸಂದೇಶದಲ್ಲಿಯೂ ಇದೆ. ಶಿಷ್ಯವೃಂದದ ಹಣದ ಪೆಟ್ಟಿಗೆ ಇಸ್ಕರಿಯೋತಿನ ಯೂದನ ಕೈಯಲ್ಲಿತ್ತೆಂದೂ ಅದರಿಂದ ಅವನು ಕದಿಯುತ್ತಿದ್ದನೆಂದೂ ಸಂತ ಯೊವಾನ್ನರು ಬರೆದಿದ್ದಾರೆ. ನಮ್ಮ ಗಮನಕ್ಕೆ ಯೋಗ್ಯವಾದದ್ದು ಆಮೇಲಿನ ಘಟನೆ. ಅವನ ಸ್ಥಾನ ತೆರವಾದಾಗ ಪೇತ್ರರು ತಮಗೆ ಬೇಕಾದವರನ್ನು ಕರೆದು ಕೂರಿಸಲಿಲ್ಲ. ಸುಮಾರು ನೂರಿಪ್ಪತ್ತು ಮಂದಿಯ ಸಭೆ ಸೇರಿತ್ತು. ಸ್ಥಾನ ತೆರವಾಗಿದೆಯೆಂದು ಬಹಿರಂಗವಾಗಿ ಹೇಳಲಾಯಿತು. ಅರ್ಹತೆ ಏನಿರಬೇಕೆಂದು ತಿಳಿಸಲಾಯಿತು: ಯೊವಾನ್ನರ ಸ್ನಾನದೀಕ್ಷೆಯ ಕಾಲದಿಂದ ಪ್ರಭುವಿನ ಸ್ವರ್ಗಾರೋಹಣದವರೆಗೆ ಜೊತೆಗಿದ್ದವರಾಗಿರಬೇಕು. ಇಬ್ಬರ ಹೆಸರು ಸೂಚಿತವಾಯಿತು. ಪ್ರಾರ್ಥನೆಯ ಬಳಿಕ ಚೀಟಿ ಹಾಕಿ ಮತ್ತೀಯರನ್ನು ಆರಿಸಲಾಯಿತು. ಚೀಟಿ ಹಾಕುವುದನ್ನು ನಮ್ಮ ನಿಯಮಾವಳಿಗಳು ಒಪ್ಪುವುದು ಮತಗಳು ಸರಿಸಮವಾದಾಗ ಮಾತ್ರ ಇರಬಹುದು. ಉಳಿದ ಕ್ರಮವಂತೂ ಯಾವ ಮಹಾಸಭೆಗೂ ಮಾದರಿಯಾಗಬಲ್ಲದು.

ಸಂತ ಥಾಮಸ್ ಅಕ್ವಿನಾಸರು ಕಾನೂನಿನ ಲಕ್ಷಣವನ್ನು ಹೇಳುವಾಗ ಅದು ವಿವೇಕದ ವಿಧಿಯಾಗಿರಬೇಕು, ಸಾಮೂಹಿಕ ಹಿತಕ್ಕಾಗಿ ಇರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬರಬೇಕು ಎಂದು ಹೇಳಿ, ಕೊನೆಗೆ ಅದು ಪ್ರಕಟವಾಗಿರಬೇಕು ಎಂಬುದನ್ನೂ ಸೇರಿಸುತ್ತಾರೆ. ನಮ್ಮ ಸಂಘಗಳ ನಿಯಮಾವಳಿಗಳು ಎಡವುವುದು ಈ ಕೊನೆಯ ಲಕ್ಷಣದಲ್ಲಿ. ನೋಂದಣಿಯ ಕಾಲದಲ್ಲಿ ಬೇರೊಂದು ಸಂಘದ್ದನ್ನು ನೋಡಿ ನಕಲು ಮಾಡಿದ ಆ ನಾಲ್ಕಾರು ಹಾಳೆಗಳು ಯಾರದೋ ಬೀರುವಿನಲ್ಲಿ ಬೀಗದೊಳಗೆ ಇರುತ್ತವೆ. ಕಾರ್ಯಾಧ್ಯಕ್ಷ ಎಂಬ ಹುದ್ದೆ ಅದರಲ್ಲಿ ಇದೆಯೇ? ಸಲಹೆಗಾರರಿಗೆ ಮತವಿದೆಯೇ? ಅವಧಿ ಮುಗಿದರೂ ಹೊಸಬರು ಆಯ್ಕೆಯಾಗುವವರೆಗೆ ಹಳಬರು ಮುಂದುವರಿಯಬಹುದೇ? ಬ್ಯಾಂಕಿಗೆ ಸಹಿ ಮಾಡುವವರು ಯಾರು, ಒಬ್ಬರೇ ಅಥವಾ ಇಬ್ಬರೇ? ಕೇಳಿದರೆ ಹತ್ತರಲ್ಲಿ ಒಂಬತ್ತು ಸದಸ್ಯರು ಮುಖ ಮುಖ ನೋಡಿಕೊಳ್ಳುತ್ತಾರೆ.

ಹೆಚ್ಚಿನ ಸಂಘಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಹಾಸಭೆಗಳು ಅದರ ಬೆನ್ನಿಗೆ ಬರುತ್ತವೆ. ಈ ಸಲ ಸಭೆಯ ನೋಟಿಸಿನೊಂದಿಗೆ ನಿಯಮಾವಳಿಯ ಒಂದೊಂದು ಪ್ರತಿಯನ್ನೂ ಸದಸ್ಯರಿಗೆ ಕಳುಹಿಸಿಕೊಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಆಯ್ಕೆಯಾದವರಿಂದ ಅಂದೇ ಒಪ್ಪಿಗೆಯ ಸಹಿ ಪಡೆಯಬೇಕು. ಕೇಳದೆ ಯಾರ ಹೆಸರನ್ನೂ ಸೇರಿಸಬಾರದು, ಊರಿನಲ್ಲಿಲ್ಲದವರನ್ನು ಸೇರಿಸುವುದಂತೂ ಬೇಡ. ಪದವಿ ಬಿಟ್ಟವರಿದ್ದರೆ ಬ್ಯಾಂಕಿಗೂ, ಶಾಮಿಯಾನದವನಿಗೂ, ಧ್ವನಿವರ್ಧಕದವನಿಗೂ ತಲಾ ಒಂದು ಕಾಗದ ಬರೆದು, ತಲುಪಿದ್ದಕ್ಕೆ ಸಹಿ ಪಡೆದು ಕಡತದಲ್ಲಿ ಇಡತಕ್ಕದ್ದು. ಪೋಷಕರಿಗೂ ಗೌರವಾಧ್ಯಕ್ಷರಿಗೂ ಪತ್ರಿಕೆಯಲ್ಲಿ ಪ್ರತ್ಯೇಕ ಸ್ಥಳ ಕೊಟ್ಟು, ಆಡಳಿತ ಮಂಡಳಿಯ ಹೆಸರುಗಳನ್ನು ಒಂದು ಗೆರೆಯ ಕೆಳಗೆ ಬೇರೆಯಾಗಿ ಅಚ್ಚು ಹ��ಕಿಸಬಹುದು. ಮುದ್ರಣಾಲಯದವರು ಆ ಗೆರೆಗೆ ಹೆಚ್ಚಿನ ಹಣ ಕೇಳುವುದಿಲ್ಲ.